ಕ್ವಿಜ್‌ನಲ್ಲಿ ಹತ್ತಕ್ಕೆ ಒಂಬತ್ತು, ಪ್ರಬಂಧದಲ್ಲಿ ಅದೇ ಹಳೇ ತಪ್ಪು: ಆನ್‌ಲೈನ್‌ನಲ್ಲಿ ಯಾವುದನ್ನು ಬಳಸಬೇಕು?

ಪ್ರಶ್ನೆ: ಆರರಿಂದ ಎಂಟನೇ ತರಗತಿವರೆಗಿನ ಮಕ್ಕಳಿಗೆ ಇಂಗ್ಲಿಷ್ ಮತ್ತು ಕನ್ನಡ ಎರಡನ್ನೂ ಕಲಿಸುತ್ತೇನೆ. ಒಂದು ವರ್ಷದಿಂದ ವಾರಕ್ಕೆ ಎರಡು ಸಲ ಆನ್‌ಲೈನ್ ವ್ಯಾಕರಣ ಕ್ವಿಜ್ ಮಾಡಿಸುತ್ತಿದ್ದೇನೆ. ಮಕ್ಕಳಿಗೆ ಅದು ಇಷ್ಟ, ಅಂಕವೂ ಚೆನ್ನಾಗಿ ಬರುತ್ತದೆ. ಆದರೆ ಒಂದು ಪುಟ ಬರೆಯಲು ಹೇಳಿದರೆ ಹಳೇ ತಪ್ಪುಗಳೇ. ಯಾವ ವೆಬ್‌ಸೈಟ್ ಬಳಸಿದರೆ ಒಳ್ಳೆಯದು? ತಪ್ಪು ತೋರಿಸುವ ಗ್ರಾಮರ್ ಚೆಕರ್‌ಗಳನ್ನು, ಎಐ ಅನ್ನು ಮಕ್ಕಳ ಕೈಗೆ ಕೊಡಬಹುದಾ?

ಉತ್ತರ: ಮೇಡಂ, ನೀವು ಕೇಳಿದ ಪ್ರಶ್ನೆ ತುಂಬಾ ಜನ ಶಿಕ್ಷಕರದ್ದು. ಆದರೆ ಕ್ವಿಜ್ ಅಂಕ ನೋಡಿ ಸಮಾಧಾನ ಪಟ್ಟುಕೊಳ್ಳದೆ ನೋಟ್‌ಬುಕ್ ತೆಗೆದು ಹೋಲಿಸಿ ನೋಡಿದ್ದೀರಲ್ಲ, ಅದನ್ನು ಎಲ್ಲರೂ ಮಾಡುವುದಿಲ್ಲ. ವೆಬ್‌ಸೈಟ್‌ಗಳ ಹೆಸರು ಖಂಡಿತ ಹೇಳುತ್ತೇನೆ. ಅದಕ್ಕೂ ಮೊದಲು ನಿಮ್ಮ ಕ್ವಿಜ್ ಯಾಕೆ ಕೆಲಸ ಮಾಡಲಿಲ್ಲ ಅನ್ನೋದನ್ನು ನೋಡೋಣ. ಅದು ಗೊತ್ತಾಗದಿದ್ದರೆ ಹೊಸ ಸೈಟ್ ಹಿಡಿದರೂ ಮುಂದಿನ ವರ್ಷ ಇದೇ ಪ್ರಶ್ನೆ ಉಳಿಯುತ್ತದೆ.

ಕ್ವಿಜ್‌ನಲ್ಲಿ ಮಗುವಿನ ಮುಂದೆ ಒಂದೇ ವಾಕ್ಯ ಇರುತ್ತದೆ. ಅದರಲ್ಲಿ ಒಂದೇ ಖಾಲಿ ಜಾಗ. ಕೆಳಗೆ ನಾಲ್ಕು ಉತ್ತರ. ಇವತ್ತು ಯಾವ ಪಾಠ ಅನ್ನೋದೂ ಮೇಲೆ ಬರೆದಿರುತ್ತದೆ. ಮಗುವಿನ ಗಮನವೆಲ್ಲ ಆ ಒಂದು ಜಾಗದ ಮೇಲೆ. ಪ್ರಬಂಧ ಬರೆಯುವಾಗ ಹಾಗಲ್ಲ. ಏನು ಹೇಳಬೇಕು, ಯಾವುದು ಮೊದಲು ಬರಬೇಕು, ಆ ಪದದ ಕಾಗುಣಿತ ಏನು, ಈ ವಾಕ್ಯ ಎಲ್ಲಿ ಮುಗಿಸಬೇಕು ಎಂದು ಎಲ್ಲವನ್ನೂ ಒಟ್ಟಿಗೆ ಯೋಚಿಸುತ್ತಾ ಕೈಯನ್ನೂ ಓಡಿಸಬೇಕು. ಅಷ್ಟೆಲ್ಲದರ ನಡುವೆ ಕರ್ತೃವಿಗೂ ಕ್ರಿಯಾಪದಕ್ಕೂ ಹೊಂದಾಣಿಕೆ ಇದೆಯಾ ಎಂದು ನೋಡಲು ಮನಸ್ಸಿನಲ್ಲಿ ಜಾಗ ಉಳಿದಿರುವುದಿಲ್ಲ. 'ನಾನು ಮತ್ತು ತಮ್ಮ' ಎಂದು ಶುರು ಮಾಡಿದ ಮಗು ನಡುವೆ ಹತ್ತು ಪದ ಬರೆದು ಕೊನೆಗೆ 'ಬಿದ್ದನು' ಎಂದು ಮುಗಿಸುತ್ತದೆ. ಅದೇ ಮಗುವಿಗೆ ಕ್ವಿಜ್‌ನಲ್ಲಿ 'ಬಿದ್ದನು, ಬಿದ್ದೆವು, ಬಿದ್ದರು' ಕೊಟ್ಟರೆ ಸರಿಯಾಗಿ ಆರಿಸುತ್ತದೆ. ನಿಯಮ ಅದಕ್ಕೆ ಗೊತ್ತಿದೆ. ಬರೆಯುವಾಗ ಅದು ಕೈಗೆ ಬರುತ್ತಿಲ್ಲ, ಅಷ್ಟೇ.

ಇದು ನನ್ನ ಒಬ್ಬನ ಅಭಿಪ್ರಾಯ ಅಂದುಕೊಳ್ಳಬೇಡಿ. ವ್ಯಾಕರಣವನ್ನು ಬರವಣಿಗೆಯಿಂದ ಬೇರೆ ಮಾಡಿ ಕಲಿಸಿದರೆ ಬರವಣಿಗೆ ಸುಧಾರಿಸುವುದಿಲ್ಲ ಎಂದು ಅಮೆರಿಕದ ಸಂಶೋಧಕರು 1963ರಲ್ಲೇ ವರದಿ ಮಾಡಿದ್ದರು. 2007ರಲ್ಲಿ ಸ್ಟೀವ್ ಗ್ರಹಾಂ ಮತ್ತು ಡೊಲೊರೆಸ್ ಪೆರಿನ್ ಅನ್ನುವವರು ನಾಲ್ಕರಿಂದ ಹನ್ನೆರಡನೇ ತರಗತಿವರೆಗಿನ ಬರವಣಿಗೆ ಪಾಠಗಳ ಮೇಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿ, ಯಾವ ವಿಧಾನ ಎಷ್ಟು ಕೆಲಸ ಮಾಡುತ್ತದೆ ಎಂದು ಅಳೆದರು. ಆ ಅಳತೆಯಲ್ಲಿ ಸೊನ್ನೆ ಅಂದರೆ ಏನೂ ಬದಲಾವಣೆ ಇಲ್ಲ ಅಂತ, ಸಂಖ್ಯೆ ದೊಡ್ಡದಾದಷ್ಟೂ ಲಾಭ ಜಾಸ್ತಿ, ಮೈನಸ್ ಅಂದರೆ ಹೋಲಿಸಿದ ಗುಂಪಿಗಿಂತ ಹಿಂದೆ ಬಿದ್ದರು ಅಂತ. ಯೋಜನೆ ಹಾಕುವುದು, ತಿದ್ದುವುದು ಇಂಥ ತಂತ್ರಗಳನ್ನು ಹೇಳಿಕೊಟ್ಟರೆ 0.82. ಸಾರಾಂಶ ಬರೆಯುವುದನ್ನು ಕಲಿಸಿದರೂ 0.82. ಮಕ್ಕಳು ಒಬ್ಬರಿಗೊಬ್ಬರು ನೆರವಾಗುತ್ತಾ ಬರೆದರೆ 0.75. ಕಂಪ್ಯೂಟರ್‌ನಲ್ಲಿ ಬರೆದು ತಿದ್ದಿದರೆ 0.55. ಚಿಕ್ಕ ವಾಕ್ಯಗಳನ್ನು ಜೋಡಿಸಿ ದೊಡ್ಡ ವಾಕ್ಯ ಮಾಡುವ ಅಭ್ಯಾಸಕ್ಕೆ 0.50. ಬಿಡಿಬಿಡಿ ವ್ಯಾಕರಣ ಪಾಠಕ್ಕೆ ಮೈನಸ್ 0.32. ಆ ಅಧ್ಯಯನಗಳಲ್ಲಿ ಬಹಳ ಕಡೆ ವ್ಯಾಕರಣ ಪಾಠವನ್ನು ಬೇರೆ ವಿಧಾನದ ಜೊತೆ ಹೋಲಿಸಲು ಇಟ್ಟುಕೊಂಡಿದ್ದರು, ಹಾಗಾಗಿ ಈ ಮೈನಸ್ ನೋಡಿ ವ್ಯಾಕರಣವನ್ನೇ ಬಿಟ್ಟುಬಿಡಬೇಕು ಎಂದು ಯಾರೂ ತಿಳಿಯಬಾರದು. ಇಂಗ್ಲೆಂಡಿನ ಎಕ್ಸಿಟರ್ ವಿಶ್ವವಿದ್ಯಾಲಯದ ಡೆಬ್ರಾ ಮೈಹಿಲ್ ಅವರ ತಂಡ 2012ರಲ್ಲಿ ಇನ್ನೊಂದು ಮುಖ ತೋರಿಸಿತು. ಮಕ್ಕಳು ಆ ಹೊತ್ತಿಗೆ ಏನು ಬರೆಯುತ್ತಿದ್ದಾರೋ ಅದಕ್ಕೆ ಬೇಕಾದ ವ್ಯಾಕರಣವನ್ನು ಅಲ್ಲೇ ಹೇಳಿಕೊಟ್ಟಾಗ ಬರವಣಿಗೆ ಸುಧಾರಿಸಿತು, ಮೊದಲೇ ಚೆನ್ನಾಗಿ ಬರೆಯುತ್ತಿದ್ದ ಮಕ್ಕಳಿಗೆ ಇನ್ನೂ ಜಾಸ್ತಿ ಉಪಯೋಗವಾಯಿತು.

ಅದಕ್ಕೇ ಯಾವ ಸೈಟ್ ನೋಡಿದರೂ ನಾನು ಮೊದಲು ಕೇಳಿಕೊಳ್ಳುವುದು ಇದನ್ನೇ: ಇದರ ಮುಂದೆ ಹದಿನೈದು ನಿಮಿಷ ಕೂತ ಮಗು, ಏಳುವ ಹೊತ್ತಿಗೆ ತನ್ನದೇ ಒಂದು ವಾಕ್ಯ ಬರೆದಿರುತ್ತದಾ? ಬರೆದಿದ್ದರೆ ಆ ಸೈಟ್ ಇಟ್ಟುಕೊಳ್ಳಿ. ಬರೀ ಒತ್ತಿ ಒತ್ತಿ ಎದ್ದಿದ್ದರೆ ಅದನ್ನು ಪರೀಕ್ಷೆಯ ಹಿಂದಿನ ದಿನದ ಪುನರಾವರ್ತನೆಗೆ ಬಿಡಿ. ಬಣ್ಣ, ಸಂಗೀತ, ನಕ್ಷತ್ರ, ಬ್ಯಾಡ್ಜ್ ಇವನ್ನು ನೋಡಿ ಮೋಸ ಹೋಗಬೇಡಿ.

ಈ ಜರಡಿಯಲ್ಲಿ ಮೊದಲು ಉಳಿಯುವುದು ಕ್ವಿಲ್ ಅನ್ನುವ ಇಂಗ್ಲಿಷ್ ಬರವಣಿಗೆಯ ಸೈಟ್. ಲಾಭಕ್ಕಾಗಿ ನಡೆಸದ ಸಂಸ್ಥೆಯೊಂದು ಇದನ್ನು ನಡೆಸುತ್ತದೆ. ಶಿಕ್ಷಕರು ಒಂದು ಖಾತೆ ತೆರೆದು ತರಗತಿ ಮಾಡಿಕೊಂಡರೆ ಸಾಕು, ಮಕ್ಕಳು ಒಂದು ಕೋಡ್ ಹಾಕಿ ಸೇರುತ್ತಾರೆ. ಮೊದಲು ಒಂದು ಚಿಕ್ಕ ಪರೀಕ್ಷೆ ಕೊಟ್ಟು ಯಾವ ಮಗುವಿಗೆ ಎಲ್ಲಿ ತೊಂದರೆ ಇದೆ ಎಂದು ತೋರಿಸುತ್ತದೆ. ಆಮೇಲಿನದು ನನಗೆ ತುಂಬಾ ಇಷ್ಟ. ಎರಡು ಮೂರು ಚಿಕ್ಕ ವಾಕ್ಯ ಕೊಟ್ಟು, ಇವನ್ನು ಒಂದೇ ವಾಕ್ಯ ಮಾಡಿ ಬರಿ ಅನ್ನುತ್ತದೆ. ಆರಿಸಲು ಉತ್ತರಗಳಿಲ್ಲ, ಮಗುವೇ ಟೈಪ್ ಮಾಡಬೇಕು. ತಪ್ಪಾದರೆ ಎಲ್ಲಿ ಎಡವಿದೆ ಎಂದು ಸುಳಿವು ಕೊಟ್ಟು ಮತ್ತೆ ಬರೆಯಲು ಹೇಳುತ್ತದೆ. ಒಂದು ಪೂರ್ತಿ ಭಾಗ ಓದಿ ಅದರಲ್ಲಿ ಅಡಗಿರುವ ತಪ್ಪುಗಳನ್ನು ಹುಡುಕಿ ತಿದ್ದುವ ಚಟುವಟಿಕೆಯೂ ಇದೆ. ಅದೂ ಒಳ್ಳೆಯದೇ, ಆದರೆ ನನ್ನ ಮಟ್ಟಿಗೆ ಜೋಡಿಸುವುದೇ ಮೊದಲು.

ಈ ಜೋಡಿಸುವ ಅಭ್ಯಾಸ ಎಷ್ಟು ಗಟ್ಟಿ ಅಂದರೆ, ಸೈಟ್ ಇಲ್ಲದೆಯೂ ನಡೆಯುತ್ತದೆ. ಕನ್ನಡಕ್ಕೆ ಇಂಥ ಸೈಟ್ ಇಲ್ಲ ಎಂದು ಕೊರಗುವ ಬದಲು ವಿಧಾನವನ್ನೇ ಎತ್ತಿಕೊಂಡು ಬನ್ನಿ. ಬೋರ್ಡ್ ಮೇಲೆ ನಾಲ್ಕು ವಾಕ್ಯ ಬರೆಯಿರಿ: ಮಕ್ಕಳು ಆಡುತ್ತಿದ್ದರು. ಮಳೆ ಬಂತು. ಮಕ್ಕಳು ಓಡಿದರು. ಮಕ್ಕಳು ಮರದ ಕೆಳಗೆ ನಿಂತರು. ಒಂದೇ ವಾಕ್ಯ ಮಾಡಿ ಅನ್ನಿ. ಒಬ್ಬಳು 'ಆಡುತ್ತಿದ್ದ ಮಕ್ಕಳು ಮಳೆ ಬಂದ ಕೂಡಲೇ ಓಡಿ ಮರದ ಕೆಳಗೆ ನಿಂತರು' ಎಂದು ಬರೆಯುತ್ತಾಳೆ. ಇನ್ನೊಬ್ಬ 'ಮಕ್ಕಳು ಆಡುತ್ತಿದ್ದಾಗ ಮಳೆ ಬಂದಿದ್ದರಿಂದ ಮರದ ಕೆಳಗೆ ಓಡಿ ನಿಂತರು' ಅನ್ನುತ್ತಾನೆ. ಎರಡೂ ಸರಿ. ಈಗ ಕೇಳಿ: 'ಬಂದ ಕೂಡಲೇ' ಅಂದಾಗ ನಿಮ್ಮ ಕಣ್ಣಿಗೆ ಏನು ಕಾಣಿಸಿತು, 'ಬಂದಿದ್ದರಿಂದ' ಅಂದಾಗ ಏನು ಬದಲಾಯಿತು? ಒಂದರಲ್ಲಿ ಅವಸರ ಇದೆ, ಇನ್ನೊಂದರಲ್ಲಿ ಕಾರಣ ಇದೆ. ಯಾರಾದರೂ 'ಮಳೆ ಬಂದರೂ' ಎಂದು ಬರೆದರೆ ಇನ್ನೂ ಒಳ್ಳೆಯದು, ಯಾಕೆಂದರೆ ಆ ವಾಕ್ಯ ಮುಂದೆ ಓಡುವುದಿಲ್ಲ, ಮಕ್ಕಳು ಮರದ ಕೆಳಗೆ ನಿಲ್ಲುವ ಬದಲು ಆಟ ಮುಂದುವರಿಸಬೇಕಾಗುತ್ತದೆ! ಒಂದು ಅಕ್ಷರ ಇಡೀ ಕಥೆಯನ್ನೇ ತಿರುಗಿಸುತ್ತದೆ ಎಂದು ಮಕ್ಕಳಿಗೆ ಅಲ್ಲೇ ಹೊಳೆಯುತ್ತದೆ. ಇಷ್ಟಾದ ಮೇಲೆ 'ಆಡುತ್ತಿದ್ದ' ಅನ್ನೋದು ಕೃದಂತನಾಮ, 'ಓಡಿ' ಅನ್ನೋದು ಕೃದಂತಾವ್ಯಯ ಎಂದು ಹೆಸರು ಹೇಳಿ. ಕೈಯಲ್ಲಿ ಹಿಡಿದ ವಸ್ತುವಿನ ಹೆಸರು ಬೇಗ ನೆನಪಿರುತ್ತದೆ.

ನೀವು ಎರಡೂ ಭಾಷೆ ಕಲಿಸುವುದರಿಂದ ನಿಮಗೆ ಇನ್ನೊಂದು ಅನುಕೂಲ ಇದೆ. ಅದೇ ನಾಲ್ಕು ವಾಕ್ಯಗಳನ್ನು ಮರುದಿನ ಇಂಗ್ಲಿಷ್‌ನಲ್ಲಿ ಕೊಡಿ. ಕನ್ನಡದಲ್ಲಿ 'ಆಡುತ್ತಿದ್ದ' ಎಂದು 'ಮಕ್ಕಳು' ಪದಕ್ಕಿಂತ ಮೊದಲು ಕೂರಿಸಿದ್ದನ್ನು ಇಂಗ್ಲಿಷ್‌ನಲ್ಲಿ 'ಹೂ ವರ್ ಪ್ಲೇಯಿಂಗ್' ಎಂದು ಆ ಪದದ ನಂತರ ಇಡಬೇಕು. ಕನ್ನಡದಲ್ಲಿ ಕ್ರಿಯಾಪದದ ನಂತರ ಬರುವ 'ಕೂಡಲೇ', 'ಆಗ', 'ಇದ್ದರಿಂದ' ಇವೆಲ್ಲ ಇಂಗ್ಲಿಷ್‌ನಲ್ಲಿ ಬಿಡಿ ಪದಗಳಾಗಿ ವಾಕ್ಯಭಾಗದ ತಲೆಯಲ್ಲಿ ಬರುತ್ತವೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಎರಡೂ ಭಾಷೆಯ ವ್ಯಾಕರಣ ಒಂದೇ ಏಟಿಗೆ ಕಾಣುತ್ತದೆ.

ಇಲ್ಲಿಂದ ಒಂದು ಮುಖ್ಯ ಮಾತಿಗೆ ಬರುತ್ತೇನೆ, ಬಹಳ ಜನ ಎಡವುವುದು ಇಲ್ಲೇ. ಇಂಗ್ಲಿಷ್ ವ್ಯಾಕರಣದ ಹೆಸರಾದ ಸೈಟ್‌ಗಳಲ್ಲಿ ಹೆಚ್ಚಿನವು ಮನೆಯಲ್ಲಿ ಇಂಗ್ಲಿಷ್ ಮಾತಾಡುವ ಮಕ್ಕಳಿಗೆ ಮಾಡಿದಂಥವು. ಖಾನ್ ಅಕಾಡೆಮಿಯ ವ್ಯಾಕರಣ ಪಾಠಗಳು ಹಾಗೆ, ನೋರೆಡ್‌ಇಂಕ್ ಕೂಡ ಹಾಗೆ. ಎರಡೂ ಒಳ್ಳೆಯವೇ. ಖಾನ್ ಅಕಾಡೆಮಿ ಪೂರ್ತಿ ಉಚಿತ, ವಿಡಿಯೋಗಳು ಚಿಕ್ಕವು, ವಿವರಣೆ ಸ್ಪಷ್ಟ. ನೋರೆಡ್‌ಇಂಕ್ ಮಗುವಿಗೆ ಏನಿಷ್ಟ ಎಂದು ಮೊದಲು ಕೇಳಿಕೊಂಡು ಆ ವಿಷಯದ ಮೇಲೆಯೇ ವಾಕ್ಯ ಕೊಡುತ್ತದೆ, ಅದರಲ್ಲಿ ಒಂದಷ್ಟು ಭಾಗ ಉಚಿತ, ಉಳಿದದ್ದಕ್ಕೆ ಹಣ. ಆದರೆ ಆ ಮಕ್ಕಳು ಮಾಡುವ ತಪ್ಪು ಬೇರೆ, ನಿಮ್ಮ ಮಕ್ಕಳು ಮಾಡುವ ತಪ್ಪು ಬೇರೆ. ಇಂಗ್ಲಿಷ್ ಮನೆಮಾತಾದ ಮಗು 'ದೇರ್' ಅನ್ನುವ ಒಂದೇ ಉಚ್ಚಾರಣೆಯ ಎರಡು ಪದಗಳ ಕಾಗುಣಿತದಲ್ಲಿ ಗೊಂದಲ ಮಾಡಿಕೊಳ್ಳುತ್ತದೆ. ಅದಕ್ಕೆ 'ಎ', 'ದ' ಎಲ್ಲಿ ಹಾಕಬೇಕು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕನ್ನಡದಲ್ಲಿ ಆ ಬಗೆಯ ಪದಗಳೇ ಇಲ್ಲ, ಹಾಗಾಗಿ ಕನ್ನಡ ಮನೆಮಾತಿನ ಮಗು ಅವನ್ನು ಬಿಟ್ಟುಬಿಡುತ್ತದೆ, ಇಲ್ಲವೇ ಬೇಡದ ಕಡೆ ಹಾಕುತ್ತದೆ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ನಾಮಪದದ ಕೊನೆಗೆ ಅಂಟುತ್ತದೆ. ಇಂಗ್ಲಿಷ್‌ನಲ್ಲಿ ಆ ಕೆಲಸಕ್ಕೆ ನಾಮಪದಕ್ಕಿಂತ ಮೊದಲು ಬಿಡಿ ಪದ ಬೇಕು. 'ಅಲ್ಲಿ' ಅನ್ನುವ ಒಂದೇ ಪ್ರತ್ಯಯಕ್ಕೆ ಸಂದರ್ಭ ನೋಡಿ 'ಇನ್', 'ಆನ್', 'ಅಟ್' ಎಂದು ಮೂರರಲ್ಲಿ ಒಂದನ್ನು ಆರಿಸಬೇಕು. ಈ ತೊಂದರೆ ಆ ಸೈಟ್‌ಗಳ ಲೆಕ್ಕದಲ್ಲೇ ಇರುವುದಿಲ್ಲ.

ಆದ್ದರಿಂದ ಇಂಗ್ಲಿಷ್‌ಗೆ ನನ್ನ ಮೊದಲ ಆಯ್ಕೆ, ಎರಡನೇ ಭಾಷೆಯಾಗಿ ಕಲಿಯುವವರಿಗೆಂದೇ ಮಾಡಿದ ಸೈಟ್‌ಗಳು. ಬ್ರಿಟಿಷ್ ಕೌನ್ಸಿಲ್‌ನ ಲರ್ನ್‌ಇಂಗ್ಲಿಷ್ ಟೀನ್ಸ್ ನೋಡಿ. ಅಲ್ಲಿ ಬರವಣಿಗೆಗೆ ಬೇರೆಯೇ ವಿಭಾಗ ಇದೆ, ಮಟ್ಟಕ್ಕೆ ತಕ್ಕಂತೆ ಹಂಚಿಟ್ಟಿದ್ದಾರೆ. ಮೊದಲು ಒಂದು ಮಾದರಿ ಬರಹ ಕೊಡುತ್ತಾರೆ. ಗೆಳೆಯನಿಗೆ ಇಮೇಲ್ ಇರಬಹುದು, ಸಿನಿಮಾ ವಿಮರ್ಶೆ ಇರಬಹುದು, ಕಥೆ ಇರಬಹುದು. ಅದರ ಬಗ್ಗೆ ನಾಲ್ಕಾರು ಸಲಹೆ, ಒಂದೆರಡು ಅಭ್ಯಾಸ, ಆಮೇಲೆ ನೀವೂ ಒಂದು ಬರೆಯಿರಿ ಅನ್ನುತ್ತಾರೆ. ಪಾಠದ ಹಾಳೆಗಳನ್ನು ಇಳಿಸಿಕೊಂಡು ಪ್ರಿಂಟ್ ಕೂಡ ತೆಗೆಯಬಹುದು. ಆರನೇ ತರಗತಿಯವರಿಗೆ ಇದು ಕಷ್ಟ ಅನಿಸಿದರೆ ಅವರದೇ ಲರ್ನ್‌ಇಂಗ್ಲಿಷ್ ಕಿಡ್ಸ್ ಇದೆ.

ಇನ್ನೊಂದು ಕೇಂಬ್ರಿಡ್ಜ್‌ನ ರೈಟ್ ಅಂಡ್ ಇಂಪ್ರೂವ್. ಮಗು ಒಂದು ವಿಷಯ ಆರಿಸಿಕೊಂಡು ಬರೆದು ಒತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಬರಹ ಯಾವ ಮಟ್ಟದಲ್ಲಿದೆ ಎಂದು ಹೇಳುತ್ತದೆ. ಯಾವ ವಾಕ್ಯ ಚೆನ್ನಾಗಿದೆ, ಯಾವುದಕ್ಕೆ ಇನ್ನೂ ಕೆಲಸ ಬೇಕು ಎಂದು ಬಣ್ಣದಲ್ಲಿ ತೋರಿಸುತ್ತದೆ. ಮಗು ತಿದ್ದಿ ಮತ್ತೆ ಕಳಿಸಬಹುದು. ತಿದ್ದಿದರೆ ಬರಹ ಮೇಲಕ್ಕೆ ಏರುತ್ತದೆ ಅನ್ನೋದನ್ನು ಮಗು ತನ್ನ ಕಣ್ಣಿನಿಂದ ನೋಡುತ್ತದೆ. ನಲವತ್ತು ಮಕ್ಕಳ ನೋಟ್‌ಬುಕ್ ನೋಡಿ ವಾಪಸ್ ಕೊಡುವಷ್ಟರಲ್ಲಿ ನಮಗೆ ವಾರ ಕಳೆದಿರುತ್ತದೆ, ಆ ಹೊತ್ತಿಗೆ ಮಗುವಿಗೆ ತಾನು ಏನು ಬರೆದಿದ್ದೆ ಅನ್ನೋದೇ ಮರೆತಿರುತ್ತದೆ. ಆ ಅಂತರವನ್ನು ಇಂಥದ್ದು ತುಂಬುತ್ತದೆ. ಆದರೆ ಬರೆದ ವಿಷಯ ಚೆನ್ನಾಗಿದೆಯಾ, ಮನಸ್ಸು ಮುಟ್ಟುತ್ತದಾ ಎಂದು ಯಂತ್ರಕ್ಕೆ ತಿಳಿಯುವುದಿಲ್ಲ. ಆ ಕೆಲಸ ನಿಮ್ಮದೇ.

ಉಳಿದ ಕೆಲವು ಹೆಸರುಗಳು ಮಕ್ಕಳಿಗಿಂತ ನಿಮಗೆ ಉಪಯೋಗ. ಪರ್ಡ್ಯೂ ವಿಶ್ವವಿದ್ಯಾಲಯದ ಆನ್‌ಲೈನ್ ರೈಟಿಂಗ್ ಲ್ಯಾಬ್ 1994ರಿಂದ ಇದೆ. ಅದು ಕಾಲೇಜು ಮಟ್ಟದ್ದು. ಅಲ್ಪವಿರಾಮದ ನಿಯಮದ ಬಗ್ಗೆ ನಿಮಗೇ ಅನುಮಾನ ಬಂದಾಗ ತೆರೆದು ನೋಡಲು ಒಳ್ಳೆಯದು. ಅಮೆರಿಕದ ಇಂಗ್ಲಿಷ್ ಶಿಕ್ಷಕರ ಸಂಘಟನೆ ನಡೆಸುವ ರೀಡ್‌ರೈಟ್‌ಥಿಂಕ್‌ನಲ್ಲಿ ತರಗತಿವಾರು ಪಾಠಯೋಜನೆಗಳಿವೆ. ಲಂಡನ್ನಿನ ಯುನಿವರ್ಸಿಟಿ ಕಾಲೇಜಿನವರ ಇಂಗ್ಲಿಷಿಯಸ್‌ನಲ್ಲಿ ವ್ಯಾಕರಣದ ಪಾಠಗಳೂ ಪಾರಿಭಾಷಿಕ ಪದಗಳ ವಿವರಣೆಯೂ ಸಿಗುತ್ತವೆ.

ಕನ್ನಡಕ್ಕೆ ಬರೋಣ. ಕನ್ನಡ ಬರವಣಿಗೆ ಕಲಿಸುವುದಕ್ಕೆಂದೇ ಮಾಡಿದ ಸೈಟ್‌ಗಳು ಕಡಿಮೆ. ಆದರೆ ಬೇರೆ ಉದ್ದೇಶಕ್ಕೆ ಮಾಡಿದ್ದನ್ನು ನಮ್ಮ ಕೆಲಸಕ್ಕೆ ತಿರುಗಿಸಿಕೊಳ್ಳಬಹುದು. ನಾನು ಜಾಸ್ತಿ ಬಳಸುವುದು ಸ್ಟೋರಿವೀವರ್. ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್ ಸಂಸ್ಥೆ ಇದನ್ನು 2015ರಲ್ಲಿ ಶುರು ಮಾಡಿತು. ಬೇರೆ ಬೇರೆ ಭಾಷೆಗಳ ಮಕ್ಕಳ ಕಥೆಗಳು ಇಲ್ಲಿವೆ, ಕನ್ನಡದವೂ ಇವೆ, ಓದುವ ಮಟ್ಟದ ಪ್ರಕಾರ ವಿಂಗಡಿಸಿದ್ದಾರೆ. ಮುಕ್ತ ಪರವಾನಗಿ ಇರುವುದರಿಂದ ಇಳಿಸಿಕೊಳ್ಳಬಹುದು, ಪ್ರಿಂಟ್ ಮಾಡಬಹುದು, ಬರೆದವರ ಮತ್ತು ಚಿತ್ರ ಬರೆದವರ ಹೆಸರು ಹಾಕಿ ಬದಲಾಯಿಸಿಕೊಳ್ಳಲೂಬಹುದು.

ಒಂದು ಕಥೆ ತೆಗೆದುಕೊಂಡು ಪಠ್ಯ ಮುಚ್ಚಿ, ಚಿತ್ರ ಮಾತ್ರ ತೋರಿಸಿ. ಪ್ರತಿ ಚಿತ್ರಕ್ಕೆ ಮಕ್ಕಳೇ ಒಂದೊಂದು ವಾಕ್ಯ ಬರೆಯಲಿ. ಆಮೇಲೆ ಮೂಲ ತೆರೆದು, ಲೇಖಕರು ಇಲ್ಲಿ ಹೇಗೆ ಹೇಳಿದ್ದಾರೆ, ನಾವು ಹೇಗೆ ಹೇಳಿದೆವು ಎಂದು ಹೋಲಿಸಿ. ಎಷ್ಟೋ ಸಲ ಮಗುವಿನ ವಾಕ್ಯವೇ ಚೆನ್ನಾಗಿರುತ್ತದೆ. ಅದನ್ನು ಎಲ್ಲರ ಮುಂದೆ ಹೇಳಿ. ಇನ್ನೊಂದು ದಿನ ಅದೇ ಕಥೆಯನ್ನು ನಾಯಕಿಯ ಬಾಯಿಂದ ಹೇಳಿಸಿ. 'ಅವಳು ಓಡಿದಳು' ಅನ್ನೋದು 'ನಾನು ಓಡಿದೆ' ಆಗಬೇಕು, 'ಅವಳ ಅಮ್ಮ' 'ನನ್ನ ಅಮ್ಮ' ಆಗಬೇಕು. ಒಂದು ಕಡೆ ಬದಲಾಯಿಸಿದರೆ ಇನ್ನೆಲ್ಲಿ ಬದಲಾಗಬೇಕು ಎಂದು ಮಗು ಹುಡುಕುತ್ತಾ ಹೋಗುತ್ತದೆ. ಜೊತೆಗೆ ಇನ್ನೊಂದು ವಿಷಯ ತಾನಾಗಿ ಬರುತ್ತದೆ: ನಾಯಕಿಗೆ ಗೊತ್ತಿಲ್ಲದ ಸಂಗತಿಯನ್ನು ಅವಳ ಬಾಯಲ್ಲಿ ಹೇಳಿಸಲು ಆಗುವುದಿಲ್ಲ, ಅಲ್ವಾ? ಅದನ್ನು ಏನು ಮಾಡುವುದು ಎಂದು ಏಳನೇ ತರಗತಿಯ ಮಕ್ಕಳು ತಲೆ ಕೆಡಿಸಿಕೊಂಡು ಚರ್ಚೆ ಮಾಡುವುದನ್ನು ನೋಡಿದರೆ ಪುರುಷಾರ್ಥಕ ಸರ್ವನಾಮದ ಪಾಠ ಇಷ್ಟು ಜೀವಂತ ಆಗಬಹುದಾ ಅನಿಸುತ್ತದೆ.

ಪದಗಳಿಗೆ ಅಲರ್ ನಿಘಂಟು ಇಟ್ಟುಕೊಳ್ಳಿ. ವಿ. ಕೃಷ್ಣ ಅವರು ವರ್ಷಗಟ್ಟಲೆ ಕೂತು ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟು ಇದು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ, 2019ರಿಂದ ಎಲ್ಲರಿಗೂ ಉಚಿತವಾಗಿ ಸಿಗುತ್ತಿದೆ. ಅಲ್ಪಪ್ರಾಣವೋ ಮಹಾಪ್ರಾಣವೋ ಎಂದು ಮಗು ಕೇಳಿದಾಗ ನೀವು ಉತ್ತರ ಹೇಳಬೇಡಿ, ಹುಡುಕಲು ಹೇಳಿ. ನಾವು ಹೇಳಿದ ಕಾಗುಣಿತ ಆ ಗಳಿಗೆಗೆ, ಹುಡುಕಿ ತೆಗೆದದ್ದು ಬಹಳ ದಿನಕ್ಕೆ.

ಕನ್ನಡ ವಿಕಿಪೀಡಿಯಾವನ್ನು ಮಾಹಿತಿಗೆ ಎಲ್ಲರೂ ನೋಡುತ್ತಾರೆ. ನಾನು ಅಲ್ಲಿ ತೋರಿಸುವುದು ಲೇಖನದ ಇತಿಹಾಸದ ಪುಟ. ಲೇಖನವನ್ನು ಯಾವಾಗ ಯಾರು ಏನು ತಿದ್ದಿದರು ಎಂದು ಸಾಲುಸಾಲಾಗಿ ಅಲ್ಲಿ ಇರುತ್ತದೆ, ಹಳೆಯದನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ನೋಡಬಹುದು. ಒಂದು ಲೇಖನ ಎಷ್ಟು ಸಲ, ಎಷ್ಟು ಕೈ ದಾಟಿ ಹೀಗಾಗಿದೆ ಎಂದು ನೋಡಿದಾಗ ಮಕ್ಕಳಿಗೆ ನಿಜಕ್ಕೂ ಆಶ್ಚರ್ಯ ಆಗುತ್ತದೆ. ಚೆನ್ನಾಗಿ ಬರೆಯುವವರು ಒಂದೇ ಸಲಕ್ಕೆ ಸರಿಯಾಗಿ ಬರೆದುಬಿಡುತ್ತಾರೆ ಅನ್ನೋದು ಬಹಳ ಮಕ್ಕಳ ನಂಬಿಕೆ. ತಿದ್ದು ಅಂದರೆ ಶಿಕ್ಷೆ ಎಂದುಕೊಂಡಿರುತ್ತಾರೆ. ಆ ಒಂದು ಪುಟ ಅದನ್ನು ಅಲುಗಾಡಿಸುತ್ತದೆ.

ಗೂಗಲ್ ಡಾಕ್ಸ್ ವ್ಯಾಕರಣ ಕಲಿಸಲು ಮಾಡಿದ್ದಲ್ಲ, ಆದರೂ ನಿಮಗೆ ಅದು ಬೇಕೇ ಬೇಕು. ಒಬ್ಬರ ಬರಹಕ್ಕೆ ಇನ್ನೊಬ್ಬರು ಪಕ್ಕದಲ್ಲಿ ಕಾಮೆಂಟ್ ಹಾಕಬಹುದು. ಸಲಹೆಯ ಮೋಡ್‌ನಲ್ಲಿ ಇಟ್ಟರೆ ತಿದ್ದಿದ್ದು ಬೇರೆ ಬಣ್ಣದಲ್ಲಿ ಕಾಣುತ್ತದೆ, ಒಪ್ಪುವುದು ಬಿಡುವುದು ಬರೆದ ಮಗುವಿನ ಕೈಯಲ್ಲಿ. ಒಂದು ನಿಯಮ ಮಾತ್ರ ಇಡಿ: 'ಚೆನ್ನಾಗಿದೆ' ಎಂದಷ್ಟೇ ಬರೆಯುವ ಹಾಗಿಲ್ಲ. ಯಾವ ವಾಕ್ಯ ನನಗೆ ಇಷ್ಟ ಆಯಿತು, ಎಲ್ಲಿ ನನಗೆ ಅರ್ಥ ಆಗಲಿಲ್ಲ, ಈ ಎರಡನ್ನು ಹೇಳಲೇಬೇಕು. ಇದರಲ್ಲಿ ಕನ್ನಡದಲ್ಲಿ ಮಾತಾಡಿದರೆ ಟೈಪ್ ಆಗುವ ಸೌಲಭ್ಯವೂ ಇದೆ. ಬರೆಯಲು ಹೆದರುವ ಮಗುವಿಗೆ ಮೊದಲು ಕಥೆ ಹೇಳಲು ಬಿಡಿ. ಪುಟದ ಮೇಲೆ ಬರುವ ಪಠ್ಯದಲ್ಲಿ ಚಿಹ್ನೆಗಳು ಹೆಚ್ಚಾಗಿ ಇರುವುದಿಲ್ಲ, ಎಲ್ಲ ಒಂದೇ ಉದ್ದ ಸಾಲು. ಈಗ ಇದನ್ನು ಗಟ್ಟಿಯಾಗಿ ಓದು, ಎಲ್ಲಿ ಉಸಿರು ನಿಲ್ಲುತ್ತದೆ, ಎಲ್ಲಿ ಮಾತು ಮುಗಿಯುತ್ತದೆ ನೋಡು, ಅಲ್ಲಿ ಚುಕ್ಕಿ ಹಾಕು ಅನ್ನಿ. ಪೂರ್ಣವಿರಾಮ ಯಾಕೆ ಬೇಕು ಎಂದು ಇದಕ್ಕಿಂತ ಚೆನ್ನಾಗಿ ತೋರಿಸುವ ದಾರಿ ನನಗೆ ಗೊತ್ತಿಲ್ಲ. ಆಡುಮಾತಿನ ರೂಪ ಯಾವುದು, ಬರಹದಲ್ಲಿ ಅದು ಹೇಗೆ ಬದಲಾಗುತ್ತದೆ ಅನ್ನೋದೂ ಅದರಲ್ಲೇ ಸಿಗುತ್ತದೆ.

ಇನ್ನು ಗ್ರಾಮರ್ಲಿ, ಲ್ಯಾಂಗ್ವೇಜ್‌ಟೂಲ್ ಇಂಥ ಗ್ರಾಮರ್ ಚೆಕರ್‌ಗಳು. ಕೊಡಬಹುದು, ಆದರೆ ಯಾವಾಗ ಕೊಡುತ್ತೀರಿ ಅನ್ನೋದು ಮುಖ್ಯ. ಬರೆಯುತ್ತಿರುವಾಗಲೇ ಕೆಂಪು ಗೆರೆ ಬಿದ್ದರೆ ಮಗು ಯೋಚನೆ ಬಿಟ್ಟು ಗೆರೆ ಅಳಿಸಲು ಓಡುತ್ತದೆ. ಒಂದು ಸಲ ಒತ್ತಿದರೆ ಸರಿಯಾಗುತ್ತದೆ, ಯಾಕೆ ತಪ್ಪು ಅನ್ನೋದು ತಲೆಗೆ ಹೋಗುವುದೇ ಇಲ್ಲ. ಅದಕ್ಕೆ ಮೊದಲ ಕರಡು ಪೂರ್ತಿ ಚೆಕರ್ ಇಲ್ಲದೆ ಬರೆಯಲಿ. ತಾನೇ ಒಂದು ಸಲ ಓದಿ ತಿದ್ದಲಿ. ಆಮೇಲೆ ಚೆಕರ್ ಹಾಕಲಿ. ಅದು ತೋರಿಸಿದ ತಪ್ಪುಗಳಲ್ಲಿ ಮೂರನ್ನು ಮಾತ್ರ ನೋಟ್‌ಬುಕ್‌ನಲ್ಲಿ ಬರೆದು, ಯಾಕೆ ತಪ್ಪು ಎಂದು ತನ್ನ ಮಾತಲ್ಲಿ ಒಂದು ಸಾಲು ಸೇರಿಸಲಿ. ಚೆಕರ್ ಹೇಳಿದ್ದು ತಪ್ಪು ಎಂದು ಮಗು ಸಾಬೀತು ಮಾಡಿದರೆ ಅದಕ್ಕೆ ಹೆಚ್ಚಿನ ಮೆಚ್ಚುಗೆ ಕೊಡಿ, ಯಾಕೆಂದರೆ ಅಂಥ ಸಂದರ್ಭ ಖಂಡಿತ ಬರುತ್ತದೆ. ಕನ್ನಡದ ಸ್ಪೆಲ್‌ಚೆಕ್ ವಿಷಯದಲ್ಲಂತೂ ಇದು ಇನ್ನೂ ಜಾಸ್ತಿ. ನಮ್ಮ ಒಂದು ಧಾತುವಿಗೆ ಕಾಲ, ಲಿಂಗ, ವಚನ, ನಿಷೇಧ, ಅಂತೆ, ಆದರೂ ಎಲ್ಲ ಸೇರಿ ಲೆಕ್ಕವಿಲ್ಲದಷ್ಟು ರೂಪ ಆಗುತ್ತವೆ. ಪದಪಟ್ಟಿಯಲ್ಲಿ ಇಲ್ಲ ಎಂಬ ಕಾರಣಕ್ಕೆ ಸರಿಯಾಗಿರುವ 'ಬರುತ್ತಿದ್ದರಂತೆ' ಕೆಳಗೂ ಕೆಂಪು ಗೆರೆ ಬೀಳಬಹುದು. ಗೆರೆ ಬಿದ್ದರೆ ಅನುಮಾನ ಪಡು, ತೀರ್ಪು ನಿಘಂಟು ನೋಡಿ ಕೊಡು ಎಂದು ಮಕ್ಕಳಿಗೆ ಹೇಳಿ.

ಎಐ ಬಗ್ಗೆ ನನ್ನ ಉತ್ತರ ನೇರ. ನಿಮ್ಮ ತರಗತಿಯ ಮಕ್ಕಳ ಕೈಗೆ ಬೇಡ. ಚಾಟ್‌ಜಿಪಿಟಿಯ ನಿಯಮದಲ್ಲೇ 13 ವರ್ಷ ತುಂಬಿರಬೇಕು, 18ರ ಒಳಗಿನವರಿಗೆ ಹೆತ್ತವರ ಒಪ್ಪಿಗೆ ಬೇಕು ಎಂದಿದೆ. ವಯಸ್ಸಿನ ಮಾತು ಬಿಟ್ಟರೂ, ಈಗಷ್ಟೇ ವಾಕ್ಯ ಕಟ್ಟಲು ಕಲಿಯುತ್ತಿರುವವರಿಗೆ ಕಟ್ಟಿದ ವಾಕ್ಯ ಕೈಗೆ ಕೊಟ್ಟರೆ ಕಲಿಯುವ ಅವಕಾಶವೇ ಹೋಗುತ್ತದೆ. ಮನೆಯಲ್ಲಿ ಬರೆದು ತಂದದ್ದರ ಮೇಲೆ ಅನುಮಾನ ಬಂದರೆ ಗದರಿಸಬೇಡಿ, ಬರೆಯುವ ಕೆಲಸವನ್ನು ತರಗತಿಗೆ ತನ್ನಿ. ಡಾಕ್ಸ್‌ನಲ್ಲಿ ಬರೆಸಿದರೆ ಬರಹ ಹಂತ ಹಂತವಾಗಿ ಹೇಗೆ ಬೆಳೆಯಿತು ಅನ್ನೋದು ಅದರ ಆವೃತ್ತಿಗಳ ಇತಿಹಾಸದಲ್ಲೇ ಇರುತ್ತದೆ. ನೀವು ಮಾತ್ರ ಎಐ ಬಳಸಬಹುದು. ಸಪ್ಪೆಯಾದ ಒಂದು ಪ್ಯಾರಾ ಬರೆದುಕೊಡು ಎಂದು ಕೇಳಿ, ಅದನ್ನು ಬೋರ್ಡ್ ಮೇಲೆ ಹಾಕಿ, ಇದಕ್ಕೆ ಜೀವ ತುಂಬಿ ಎಂದು ಮಕ್ಕಳಿಗೆ ಹೇಳಿ. ಎಲ್ಲರೂ ಸೇರಿ ಯಂತ್ರದ ಬರಹವನ್ನು ಕತ್ತರಿಸಿ ತಿದ್ದುವಾಗ ಯಾರಿಗೂ ಬೇಜಾರಾಗುವುದಿಲ್ಲ, ಯಾಕೆಂದರೆ ಅದು ಯಾವ ಮಗುವಿನದ್ದೂ ಅಲ್ಲ. ವಾಕ್ಯ ಜೋಡಿಸುವ ಅಭ್ಯಾಸಕ್ಕೆ ಚಿಕ್ಕ ವಾಕ್ಯಗಳನ್ನೂ ಮಾಡಿಸಿಕೊಳ್ಳಬಹುದು. ಕನ್ನಡದಲ್ಲಿ ಮಾಡಿಸಿದ್ದನ್ನು ಒಂದೊಂದು ಸಾಲೂ ಓದಿ ನೋಡಿ, ಸಹಜವಲ್ಲದ ವಾಕ್ಯ ಅದರಲ್ಲಿ ಸುಲಭವಾಗಿ ನುಸುಳುತ್ತದೆ.

ಯಾವ ಸೈಟ್‌ಗೆ ಮಕ್ಕಳನ್ನು ಸೇರಿಸಿದರೂ ಪೂರ್ತಿ ಹೆಸರು, ಫೋಟೊ, ಫೋನ್ ನಂಬರ್ ಕೊಡಬೇಡಿ. ಹೆಸರಿನ ಮೊದಲ ಅಕ್ಷರ, ಒಂದು ಸಂಖ್ಯೆ ಸಾಕು. ಜಾಹೀರಾತು ತುಂಬಿದ ಸೈಟ್ ಆದರೆ ನೀವೇ ತೆರೆದು ದೊಡ್ಡ ಪರದೆಯಲ್ಲಿ ತೋರಿಸಿ.

ಇವೆಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ ಮೇಡಂ. ಮೊದಲು ನೋಟ್‌ಬುಕ್‌ಗೆ ಹೋಗಿ. ಇಂಟರ್ನೆಟ್ ಬರುವ ಮೊದಲೇ, 1970ರ ದಶಕದಲ್ಲಿ, ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ಮೀನಾ ಶಾಗ್ನೆಸಿ ಅನ್ನುವ ಅಧ್ಯಾಪಕಿ ಹೊಸದಾಗಿ ಸೇರಿದ ವಿದ್ಯಾರ್ಥಿಗಳ ಸುಮಾರು 4,000 ಪ್ರಬಂಧಗಳನ್ನು ಕೂತು ಓದಿದರು. ತಪ್ಪುಗಳು ಅಜಾಗರೂಕತೆಯಿಂದ ಬರುವುದಲ್ಲ, ಅವುಗಳ ಹಿಂದೆ ವಿದ್ಯಾರ್ಥಿಯದೇ ಒಂದು ತರ್ಕ ಇರುತ್ತದೆ ಎಂದು ಅವರು ತೋರಿಸಿದರು. ನಿಮಗೆ 4,000 ಬೇಕಿಲ್ಲ, ಹತ್ತು ಸಾಕು. ತಿದ್ದದೆ ಸುಮ್ನೆ ಓದಿ, ಯಾವ ತಪ್ಪು ಎಷ್ಟು ಸಲ ಬಂದಿದೆ ಎಂದು ಗೀಟು ಹಾಕಿ. ಜಾಸ್ತಿ ಬಂದ ಒಂದೇ ಒಂದು ತಪ್ಪನ್ನು ಎರಡು ವಾರಕ್ಕೆ ಹಿಡಿಯಿರಿ. ಆ ಎರಡು ವಾರ ಬೇರೆ ತಪ್ಪಿಗೆ ಕೆಂಪು ಶಾಯಿ ಬೇಡ. ಕಷ್ಟ ಅನಿಸುತ್ತದೆ, ಕೈ ತುರಿಸುತ್ತದೆ, ನನಗೂ ಹಾಗೇ ಆಗುತ್ತಿತ್ತು. ಆದರೆ ಪುಟ ತುಂಬಾ ಕೆಂಪು ಕಂಡ ಮಗು ಅಂಕ ನೋಡಿ ಪುಸ್ತಕ ಮುಚ್ಚುತ್ತದೆ, ಒಂದೇ ಕಡೆ ಕೆಂಪು ಕಂಡ ಮಗು ಅದನ್ನು ನೋಡುತ್ತದೆ.

ನೀವು ಈಗ ವಾರಕ್ಕೆ ಎರಡು ಅವಧಿ ಕ್ವಿಜ್‌ಗೆ ಕೊಡುತ್ತಿದ್ದೀರಿ. ಅದರಲ್ಲಿ ಒಂದನ್ನು ವಾಕ್ಯ ಜೋಡಿಸಲು ಕೊಡಿ. ಕಂಪ್ಯೂಟರ್ ಇದ್ದ ದಿನ ಕ್ವಿಲ್, ಇಲ್ಲದ ದಿನ ಬೋರ್ಡ್. ಇನ್ನೊಂದರಲ್ಲಿ ಮಕ್ಕಳು ಅರ್ಧ ಪುಟ ಬರೆದು, ಪಕ್ಕದವರಿಗೆ ಓದಲು ಕೊಟ್ಟು, ಆ ವಾರ ಹಿಡಿದ ಒಂದು ತಪ್ಪನ್ನು ಮಾತ್ರ ಹುಡುಕಿ ತಿದ್ದಲಿ. ಬ್ರಿಟಿಷ್ ಕೌನ್ಸಿಲ್‌ನ ಮಾದರಿ, ಸ್ಟೋರಿವೀವರ್‌ನ ಚಿತ್ರ ಇವೆಲ್ಲ ಆ ಅರ್ಧ ಪುಟಕ್ಕೆ ಸಾಮಗ್ರಿ. ಕ್ವಿಜ್ ಬಿಟ್ಟರೆ ಮಕ್ಕಳಿಗೆ ಬೇಜಾರಾಗುತ್ತದೆ ಅನಿಸಿದರೆ ತಿಂಗಳಿಗೊಮ್ಮೆ ಮಾಡಿ, ಆದರೆ ಪ್ರಶ್ನೆಗಳನ್ನು ಮಕ್ಕಳೇ ತಮ್ಮ ನೋಟ್‌ಬುಕ್‌ನ ವಾಕ್ಯಗಳಿಂದ ತಯಾರಿಸಲಿ. ಆರು ವಾರ ಆದ ಮೇಲೆ ಅದೇ ಹತ್ತು ನೋಟ್‌ಬುಕ್ ತೆಗೆದು ಮತ್ತೆ ಗೀಟು ಎಣಿಸಿ. ಎಣಿಕೆ ಇಳಿದಿದ್ದರೂ ಇಳಿಯದಿದ್ದರೂ ನನಗೆ ಬರೆಯಿರಿ, ಯಾವ ತಪ್ಪು ಹಿಡಿದಿರಿ ಅನ್ನೋದನ್ನೂ ತಿಳಿಸಿ, ಅಲ್ಲಿಂದ ಮುಂದೆ ನೋಡೋಣ.